ಫಾಸ್ಫೋ ಇಆರ್‌ಕೆ ಆಂಟಿಬಾಡಿ: ಬೈಯುವ ಮೊದಲು, ನಂಬುವ ಮೊದಲು

ಇಆರ್‌ಕೆ ಅನ್ನುವ ಪ್ರೊಟೀನಿನ ಮೇಲೆ ಫಾಸ್ಫೇಟ್ ಕೂತಿದೆಯೇ ಅಂತ ನೋಡುವ ಪರೀಕ್ಷೆ ಫಾಸ್ಫೋ ಇಆರ್‌ಕೆ ಬ್ಲಾಟ್: ಪ್ರೊಟೀನ್‌ಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ, ಮೆಂಬ್ರೇನ್ ಅನ್ನುವ ತೆಳು ಹಾಳೆಗೆ ಇಳಿಸಿ, ಆಂಟಿಬಾಡಿಯಿಂದ ಗುರುತು ಹಿಡಿಯುವುದು. ಅದು ಸರಿ ಬರಲಿಲ್ಲ ಅಂದರೆ ನಮ್ಮ ಲ್ಯಾಬ್‌ನಲ್ಲಿ ಮೊದಲು ಬೈಸಿಕೊಳ್ಳುವುದು ಆಂಟಿಬಾಡಿ. "ಅಕ್ಕಾ, ಈ ಟ್ಯೂಬ್ ಸತ್ತುಹೋಗಿದೆ, ಹೊಸದು ತರಿಸೋಣ್ವಾ?" ಅಂತ ಜೂನಿಯರ್‌ಗಳು ಬಂದು ಕೇಳುತ್ತಾರೆ. ನೂರು ಮೈಕ್ರೋಲೀಟರ್‌ಗೆ ಹತ್ತಾರು ಸಾವಿರ ರೂಪಾಯಿ. ತರಿಸೋಣ ಅಂದರೂ ಸುಮ್ನೆ ಬರುವ ಸಾಮಾನಲ್ಲ. ಪಾಪ, ಹೆಚ್ಚಿನ ಸಲ ಅದರ ತಪ್ಪೇನೂ ಇರುವುದಿಲ್ಲ. ಅದು ಹಿಡಿಯಬೇಕಾದ ಫಾಸ್ಫೇಟ್ ಜೆಲ್ ತಲುಪುವ ಮೊದಲೇ ಕಳಚಿ ಹೋಗಿರುತ್ತದೆ. ಇಲ್ಲವೇ ನಾವು ಗಮನಿಸದ ಕಡೆ ಬಂದು ಕೂತಿರುತ್ತದೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಇಜಿಎಫ್‌ನಂಥ ಬೆಳವಣಿಗೆಯ ಸಂಕೇತ ಜೀವಕೋಶದ ಹೊರಗೆ ಬಂದು ಕೂತರೆ ಒಳಗೆ ರಾಸ್, ರಾಫ್, ಮೆಕ್, ಕೊನೆಗೆ ಇಆರ್‌ಕೆ, ಹೀಗೆ ಸುದ್ದಿ ದಾಟುತ್ತಾ ಹೋಗುತ್ತದೆ. ಇಆರ್‌ಕೆಯಲ್ಲಿ ಎರಡಿವೆ: 44 ಕಿಲೋಡಾಲ್ಟನ್ ತೂಕದ ಇಆರ್‌ಕೆ 1, 42ರ ಇಆರ್‌ಕೆ 2. ಮನುಷ್ಯರ ಇಆರ್‌ಕೆ 1ರಲ್ಲಿ ಥ್ರಿಯೋನಿನ್ 202 ಮತ್ತು ಟೈರೋಸಿನ್ 204 ಅನ್ನುವ ಅಮೈನೋ ಆಮ್ಲಗಳಿವೆ, ಈ ಎರಡೂ ಕಡೆ ಮೆಕ್ ಒಂದೊಂದು ಫಾಸ್ಫೇಟ್ ಕೂರಿಸಿದಾಗ ಅದು ಪೂರ್ತಿ ಚುರುಕಾಗುತ್ತದೆ. ನಮ್ಮ ಆಂಟಿಬಾಡಿ ಗುರುತು ಹಿಡಿಯುವುದು ಆ ಫಾಸ್ಫೇಟ್ ಇರುವ ಜಾಗವನ್ನು. ಕೆಲವು ಆಂಟಿಬಾಡಿಗಳು ಒಂದೇ ಫಾಸ್ಫೇಟ್ ಇದ್ದರೂ ಹಿಡಿಯುತ್ತವೆ. ಅದಕ್ಕೇ ಡೇಟಾಶೀಟಿನ ಆ ಒಂದು ಸಾಲನ್ನು ಓದದೆ ನಾನು ಯಾವುದನ್ನೂ ಆರ್ಡರ್ ಮಾಡುವುದಿಲ್ಲ.

ನಾನು ಜಾಸ್ತಿ ಬಳಸುವುದು ಹೀಲಾ ಕೋಶಗಳನ್ನು, ಅಂದರೆ ಲ್ಯಾಬ್‌ಗಳಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಕೋಶಗಳನ್ನು. ಹಿಂದಿನ ಸಂಜೆ ಸೀರಮ್ ಇಲ್ಲದ ಮೀಡಿಯಾಕ್ಕೆ (ಕೋಶ ಬೆಳೆಸುವ ದ್ರವಕ್ಕೆ) ಬದಲಾಯಿಸಿ ರಾತ್ರಿಯಿಡೀ ಉಪವಾಸ ಕೆಡವುತ್ತೇನೆ. ಸೀರಮ್‌ನಲ್ಲೇ ಬೆಳವಣಿಗೆಯ ಸಂಕೇತಗಳು ತುಂಬಿರುವುದರಿಂದ, ಅದಿದ್ದರೆ ಎಲ್ಲ ಲೇನೂ (ಜೆಲ್‌ನಲ್ಲಿ ಒಂದೊಂದು ಸ್ಯಾಂಪಲ್ ಓಡುವ ಸಾಲು) ಕಪ್ಪಾಗಿಯೇ ಕಾಣುತ್ತವೆ. ಬೆಳಿಗ್ಗೆ ಇಜಿಎಫ್ ಹಾಕುವಾಗ ಮೀಡಿಯಾ ಬದಲಾಯಿಸುವುದಿಲ್ಲ. ಇರುವ ಮೀಡಿಯಾಕ್ಕೇ ಸ್ವಲ್ಪ ಗಟ್ಟಿ ದ್ರಾವಣ ಸೇರಿಸಿ, ಕೊನೆಗೆ ಮಿಲಿಲೀಟರ್‌ಗೆ 100 ನ್ಯಾನೋಗ್ರಾಂ ಬರುವಂತೆ ನೋಡಿಕೊಳ್ಳುತ್ತೇನೆ. ಹೊಸ ಮೀಡಿಯಾ ಸುರಿದರೂ ಸಾಕು, ಪ್ಲೇಟನ್ನು ಇನ್‌ಕ್ಯುಬೇಟರ್‌ನಿಂದ ತೆಗೆದು ಮೇಜಿನ ಮೇಲೆ ಆರಲು ಬಿಟ್ಟರೂ ಸಾಕು, ಇಆರ್‌ಕೆ ಎದ್ದುಬಿಡುತ್ತದೆ. ಹಾಗಾಗಿ ಏನೂ ಕೊಡದ ಪ್ಲೇಟಿಗೂ ಅಷ್ಟೇ ಪ್ರಮಾಣದ ಖಾಲಿ ಬಫರ್ ಹಾಕಿ, ಅಷ್ಟೇ ಅಲುಗಾಡಿಸಿ, ಅಷ್ಟೇ ಹೊತ್ತು ಇಡುತ್ತೇನೆ. ಇಜಿಎಫ್ ಕೊಟ್ಟ 5 ನಿಮಿಷದ ಆಸುಪಾಸಿನಲ್ಲಿ ಸಿಗ್ನಲ್ ತುದಿ ಮುಟ್ಟುತ್ತದೆ. ಗಂಟೆಯೊಳಗೆ ಬಹುಪಾಲು ಇಳಿದಿರುತ್ತದೆ.

ಇನ್ನು ಕೋಶ ಒಡೆಯುವ ಕೆಲಸ. ಈ ಇಡೀ ಪ್ರಯೋಗದ ಹಣೆಬರಹ ನಿರ್ಧಾರವಾಗುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ಕೋಶ ಒಡೆದ ಕ್ಷಣದಿಂದ ಫಾಸ್ಫಟೇಸ್ ಕಿಣ್ವಗಳು ಫಾಸ್ಫೇಟ್ ಕೀಳಲು ಶುರುಮಾಡುತ್ತವೆ. ಬ್ಲಾಟ್ ಒಂದೇ ಸಾಕು ಅನ್ನುವ ದಿನ ನಾನು ಐಸೂ ಕಿಣ್ವ ತಡೆಯುವ ಇನ್‌ಹಿಬಿಟರೂ ಬಿಟ್ಟು, 95 ಡಿಗ್ರಿಗೆ ಕಾಯಿಸಿದ, ಎಸ್‌ಡಿಎಸ್ ಅನ್ನುವ ಡಿಟರ್ಜೆಂಟ್ ಇರುವ ಬಫರನ್ನೇ ನೇರವಾಗಿ ಕೋಶಗಳ ಮೇಲೆ ಸುರಿಯುತ್ತೇನೆ. ಮೀಡಿಯಾ ಹೀರಿ ತೆಗೆದ ತಕ್ಷಣ, ತೊಳೆಯಲೂ ನಿಲ್ಲದೆ. ಕಿಣ್ವಗಳೆಲ್ಲ ಅಲ್ಲೇ ಮುದುಡಿಕೊಳ್ಳುತ್ತವೆ, ಫಾಸ್ಫೇಟ್ ಇದ್ದಲ್ಲೇ ಉಳಿಯುತ್ತದೆ. ಸ್ಕ್ರೇಪರ್‌ನಿಂದ ಕೆರೆದು ಟ್ಯೂಬಿಗೆ ತೆಗೆಯುವಾಗ ಮಾತ್ರ ತಾಳ್ಮೆ ಬೇಕು. ಡಿಎನ್‌ಎ ಹೊರಬಂದು ಇಡೀ ಸ್ಯಾಂಪಲ್ ಬೆಂಡೆಕಾಯಿ ಲೋಳೆಯ ಹಾಗೆ ಎಳೆಎಳೆಯಾಗಿ ತುದಿಗೆ ಅಂಟಿಕೊಂಡು ಬರುತ್ತದೆ. ಪಿಪೆಟ್ ಎತ್ತಿದರೆ ಟ್ಯೂಬಿನಲ್ಲಿರುವುದೆಲ್ಲ ಜೊತೆಗೇ ಎದ್ದು ಬರುತ್ತದೆ. ಶಬ್ದದ ಅಲೆಗಳಿಂದ ಒಡೆಯುವ ಸೋನಿಕೇಟರ್ ಇದ್ದರೆ ಒಂದೆರಡು ಪಲ್ಸ್ ಸಾಕು. ಇಲ್ಲದಿದ್ದರೆ ಇನ್ಸುಲಿನ್ ಸಿರಿಂಜಿನಲ್ಲಿ ಎಳೆದು ಬಿಟ್ಟು ಮಾಡಿದರೆ ನೀರಾಗುತ್ತದೆ.

ಒಂದು ಎಚ್ಚರಿಕೆ. ಆ ಬಫರಿಗೆ ಡಿಟಿಟಿಯನ್ನೂ (ಪ್ರೊಟೀನಿನ ಗಂಧಕದ ಕೊಂಡಿ ಬಿಚ್ಚುವ ರಾಸಾಯನಿಕ) ಜೆಲ್‌ನಲ್ಲಿ ಓಟ ತೋರಿಸುವ ನೀಲಿ ಬಣ್ಣವನ್ನೂ ಆಗಲೇ ಸೇರಿಸಬೇಡಿ. ಪ್ರೊಟೀನ್ ಅಳೆಯುವ ಬಿಸಿಎ ವಿಧಾನ ಎಸ್‌ಡಿಎಸ್ ಇದ್ದರೂ ನಡೆಯುತ್ತದೆ, ಆದರೆ ಡಿಟಿಟಿ ಇದ್ದರೆ ಲೆಕ್ಕ ಕೆಡುತ್ತದೆ. ಬ್ರ್ಯಾಡ್‌ಫರ್ಡ್ ಅನ್ನುವ ಇನ್ನೊಂದು ವಿಧಾನಕ್ಕೆ ಎಸ್‌ಡಿಎಸ್ಸೇ ಆಗಿಬರುವುದಿಲ್ಲ. ಮೊದಲು ಅಳೆದು, ಆಮೇಲೆ ಅವೆರಡನ್ನೂ ಸೇರಿಸಿ ಕುದಿಸಿ.

ಅದೇ ಸ್ಯಾಂಪಲ್‌ನಿಂದ ಬೇರೆ ಪ್ರೊಟೀನನ್ನು ಹಿಡಿದೆಳೆಯುವ ಪ್ರಯೋಗವೂ ಇದ್ದರೆ ಬಿಸಿ ಎಸ್‌ಡಿಎಸ್ ಆಗುವುದಿಲ್ಲ. ಆಗ ಐಸ್ ಮೇಲೆ ಸೌಮ್ಯವಾದ ಬಫರ್, ಜೊತೆಗೆ ಫಾಸ್ಫಟೇಸ್‌ಗಳನ್ನು ತಡೆಯುವ ಸೋಡಿಯಂ ಫ್ಲೋರೈಡ್, ಬೀಟಾ ಗ್ಲಿಸರೋಫಾಸ್ಫೇಟ್, ಸೋಡಿಯಂ ಆರ್ಥೋವನಡೇಟ್. ಈ ವನಡೇಟ್‌ನದ್ದೇ ಒಂದು ತಕರಾರು. ಪುಡಿ ಕರಗಿಸಿ ಹಾಗೇ ಹಾಕಿದರೆ ಪೂರ್ತಿ ಕೆಲಸ ಮಾಡುವುದಿಲ್ಲ. ಪಿಹೆಚ್ 10ಕ್ಕೆ ತಂದರೆ ದ್ರಾವಣ ಹಳದಿಯಾಗುತ್ತದೆ, ಅಂದರೆ ವನಡೇಟ್ ಗುಂಪುಗುಂಪಾಗಿ ಕೂಡಿಕೊಂಡಿದೆ ಅಂತ ಅರ್ಥ. ಕುದಿಸಿದರೆ ಬಣ್ಣ ಹೋಗುತ್ತದೆ. ಆರಿಸಿ, ಮತ್ತೆ 10ಕ್ಕೆ ತಂದು, ಮತ್ತೆ ಕುದಿಸಿ, ಹಳದಿ ಮರಳಿ ಬರದಿರುವ ತನಕ ಹೀಗೇ ಮಾಡಬೇಕು. ನಾನು ಸ್ಟಾಕನ್ನು ಚಿಕ್ಕ ಚಿಕ್ಕ ಟ್ಯೂಬ್‌ಗಳಲ್ಲಿ ಫ್ರೀಜರಿಗೆ ಹಾಕುತ್ತೇನೆ. ತೆಗೆದಾಗ ಹಳದಿ ಕಂಡರೆ ಬಳಸುವುದಿಲ್ಲ.

ಬಫರಿನ ಪಿಹೆಚ್ ಅಂದಾಗ ವಿಜ್ಞಾನಿ ಟೋನಿ ಹಂಟರ್ ನೆನಪಾಗುತ್ತಾರೆ. 1979ರಲ್ಲಿ ಅಮೆರಿಕದ ಸಾಲ್ಕ್ ಇನ್‌ಸ್ಟಿಟ್ಯೂಟ್‌ನಲ್ಲಿ ಫಾಸ್ಫೇಟ್ ಕೂತ ಅಮೈನೋ ಆಮ್ಲಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವಾಗ ಅವರು ಹಳೆಯ ಬಫರನ್ನೇ ಮತ್ತೆ ಬಳಸಿದ್ದರು. ಅದರ ಪಿಹೆಚ್ 1.9ರಿಂದ 1.7ಕ್ಕೆ ಇಳಿದಿತ್ತು. ಅಷ್ಟಕ್ಕೇ, ಥ್ರಿಯೋನಿನ್ ಮೇಲಿನ ಫಾಸ್ಫೇಟ್ ಅಂದುಕೊಂಡಿದ್ದ ಚುಕ್ಕೆಯ ಪಕ್ಕದಲ್ಲಿ ಬೇರೊಂದು ಚುಕ್ಕೆ ಕಂಡಿತು. ಟೈರೋಸಿನ್ ಮೇಲೂ ಫಾಸ್ಫೇಟ್ ಕೂರುತ್ತದೆ ಅಂತ ತಿಳಿದದ್ದು ಹೀಗೆ. ಹಾಗಂತ ಹಳೇ ಬಫರ್ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತಿಲ್ಲ!

ಜೆಲ್ ಬಗ್ಗೆ ಹೇಳುವುದು ಕಡಿಮೆ. 10 ಪರ್ಸೆಂಟ್ ಜೆಲ್, ನೀಲಿ ಬಣ್ಣ ಕೆಳಗೆ ಹೊರಟುಹೋದ ಮೇಲೂ ಇನ್ನಷ್ಟು ಓಡಿಸಿದರೆ 42 ಮತ್ತು 44 ಚೆನ್ನಾಗಿ ಬೇರೆಯಾಗುತ್ತವೆ. ಜೆಲ್‌ನಿಂದ ಮೆಂಬ್ರೇನಿಗೆ ಟ್ರಾನ್ಸ್‌ಫರ್ ಆದ ಮೇಲೆ ಪ್ರೊಟೀನಿಗೆ ಹತ್ತುವ ಪಾನ್ಸೋ ಬಣ್ಣ ಹಾಕಿ ಕೆಂಪು ಗೆರೆಗಳನ್ನು ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ. ಗುಳ್ಳೆ ಕೂತ ಜಾಗ ಅಲ್ಲೇ ಬೆಳ್ಳಗೆ ಕಾಣುತ್ತದೆ.

ಆಂಟಿಬಾಡಿ ಕಂಡಕಂಡಲ್ಲಿ ಅಂಟದಂತೆ ಮೆಂಬ್ರೇನಿನ ಖಾಲಿ ಜಾಗವನ್ನು ಮುಚ್ಚಲು (ಬ್ಲಾಕ್ ಮಾಡಲು) ಹಾಲಿನ ಪುಡಿಯೋ ಬಿಎಸ್‌ಎಯೋ (ದನದ ರಕ್ತದ ಒಂದು ಪ್ರೊಟೀನ್) ಅನ್ನುವ ವಾದ ಎಲ್ಲ ಲ್ಯಾಬಲ್ಲೂ ಇದೆ. ಹಾಲಿನ ಕೇಸಿನ್‌ನಲ್ಲೇ ಫಾಸ್ಫೇಟ್ ಇದೆ, ಹಾಗಾಗಿ ಫಾಸ್ಫೋ ಆಂಟಿಬಾಡಿಗೆ ಹಾಲು ವರ್ಜ್ಯ ಅನ್ನುತ್ತಾರೆ. ಯಾವ ಪ್ರೊಟೀನ್ ಆದರೂ ಸರಿ, ಟೈರೋಸಿನ್ ಮೇಲೆ ಫಾಸ್ಫೇಟ್ ಇದ್ದರೆ ಹಿಡಿಯುವಂಥ ಆಂಟಿಬಾಡಿಗೆ ನಾನೂ ಹಾಲು ಮುಟ್ಟಿಸುವುದಿಲ್ಲ. ಆದರೆ ಫಾಸ್ಫೋ ಇಆರ್‌ಕೆ ಆಂಟಿಬಾಡಿ ನೋಡುವುದು ಫಾಸ್ಫೇಟ್ ಜೊತೆ ಅಕ್ಕಪಕ್ಕದ ಅಮೈನೋ ಆಮ್ಲಗಳನ್ನೂ. ಮೆಂಬ್ರೇನನ್ನು 5 ಪರ್ಸೆಂಟ್ ಹಾಲಿನಲ್ಲಿ ಒಂದು ಗಂಟೆ ಬ್ಲಾಕ್ ಮಾಡಿ, ಚೆನ್ನಾಗಿ ತೊಳೆದು, ಆಂಟಿಬಾಡಿಯನ್ನು ಮಾತ್ರ 5 ಪರ್ಸೆಂಟ್ ಬಿಎಸ್‌ಎಯಲ್ಲಿ ಕಲಸಿ ರಾತ್ರಿಯಿಡೀ 4 ಡಿಗ್ರಿಯಲ್ಲಿ ಇಟ್ಟರೆ ನನಗೆ ಸ್ವಚ್ಛ ಬ್ಲಾಟ್ ಸಿಗುತ್ತದೆ. ಬಿಎಸ್‌ಎ ದುಬಾರಿ, ಉಳಿಸಿದಷ್ಟೂ ಒಳ್ಳೆಯದೇ ಅಲ್ವಾ.

ಕಲಸಿದ ಆಂಟಿಬಾಡಿಯನ್ನು ನಾವು ಚೆಲ್ಲುವುದಿಲ್ಲ. 0.02 ಪರ್ಸೆಂಟ್ ಸೋಡಿಯಂ ಅಜೈಡ್ ಹಾಕಿ, ಟ್ಯೂಬಿನ ಮೇಲೆ ಬಳಸಿದ ತಾರೀಖುಗಳನ್ನು ಬರೆಯುತ್ತಾ ಮತ್ತೆ ಮತ್ತೆ ಬಳಸುತ್ತೇವೆ. ಆದರೆ ಇದು ಪ್ರೈಮರಿಗೆ, ಅಂದರೆ ಇಆರ್‌ಕೆಯನ್ನು ನೇರವಾಗಿ ಹಿಡಿಯುವ ಆಂಟಿಬಾಡಿಗೆ ಮಾತ್ರ. ಪ್ರೈಮರಿಯನ್ನು ಹಿಡಿಯುವ ಸೆಕೆಂಡರಿ ಆಂಟಿಬಾಡಿಗೆ ಅಂಟಿಸಿರುವ, ಸಿಗ್ನಲ್ ಕೊಡುವ ಎಚ್‌ಆರ್‌ಪಿ ಕಿಣ್ವವನ್ನು ಅಜೈಡ್ ಕೊಂದುಹಾಕುತ್ತದೆ, ಅದನ್ನು ಪ್ರತಿ ಸಲ ಹೊಸದಾಗಿಯೇ ಕಲಸಬೇಕು.

ಬ್ಯಾಂಡ್ ಬಂತು ಅಂತ ಖುಷಿಪಡುವ ಮೊದಲು ನಾನು ನೋಡುವುದು ಪಕ್ಕದ ಲೇನ್‌ಗಳನ್ನು. ಇಜಿಎಫ್ ಕೊಡುವ ಮೊದಲು ಅರ್ಧ ಗಂಟೆ 10 ಮೈಕ್ರೋಮೋಲಾರ್ ಯು0126 ಅನ್ನುವ ರಾಸಾಯನಿಕ ಕೊಟ್ಟ ಕೋಶಗಳದ್ದು ಒಂದು ಲೇನ್. ಇದು ಮೆಕ್ ಅನ್ನು ತಡೆಯುತ್ತದೆ, ಹಾಗಾಗಿ ಆ ಲೇನ್ ಬೆಳ್ಳಗಿರಬೇಕು. ಇಜಿಎಫ್ ಕೊಟ್ಟ ಕೋಶಗಳ ಸ್ಯಾಂಪಲ್‌ಗೆ ಲ್ಯಾಂಬ್ಡಾ ಫಾಸ್ಫಟೇಸ್ ಹಾಕಿ ಫಾಸ್ಫೇಟನ್ನೆಲ್ಲ ಕಿತ್ತದ್ದು ಇನ್ನೊಂದು. ಅಲ್ಲೂ ಬ್ಯಾಂಡ್ ಉಳಿದಿದ್ದರೆ ಆಂಟಿಬಾಡಿ ಹಿಡಿಯುತ್ತಿರುವುದು ಫಾಸ್ಫೇಟನ್ನಲ್ಲ. ಈ ಸ್ಯಾಂಪಲ್‌ಗೆ ವನಡೇಟ್, ಫ್ಲೋರೈಡ್, ಇಡಿಟಿಎ ಯಾವುದನ್ನೂ ಹಾಕಬಾರದು, ಮ್ಯಾಂಗನೀಸ್ ಕೊಡಬೇಕು. ಇಲ್ಲದಿದ್ದರೆ ಆ ಕಿಣ್ವವೂ ಸುಮ್ಮನೆ ಕೂರುತ್ತದೆ. ಈ ಲೇನ್‌ಗಳಿಲ್ಲದೆ ಯಾರು ಎಷ್ಟೇ ಚಂದದ ಬ್ಯಾಂಡ್ ತೋರಿಸಿದರೂ ನಾನು ತಲೆಯಾಡಿಸುವುದಿಲ್ಲ. ಇನ್ನು ಎ375ನಂಥ ಚರ್ಮದ ಕ್ಯಾನ್ಸರ್ ಕೋಶಗಳಲ್ಲಿ ಬಿರಾಫ್ (ರಾಫ್‌ಗಳಲ್ಲೊಂದು) ವಿ600ಇ ಬದಲಾವಣೆಯಿಂದ ಸದಾ ಆನ್ ಆಗಿರುತ್ತದೆ. ಅಲ್ಲಿ ಎಷ್ಟು ಉಪವಾಸ ಹಾಕಿದರೂ ಸಿಗ್ನಲ್ ಇಳಿಯುವುದಿಲ್ಲ. ಅದಕ್ಕೂ ಆಂಟಿಬಾಡಿಯನ್ನೇ ಬೈದವರಿದ್ದಾರೆ.

ಹೋಲಿಕೆಗೆ ಎಲ್ಲ ಕೋಶಗಳಲ್ಲೂ ಇರುವ ಆಕ್ಟಿನ್ ಪ್ರೊಟೀನ್ ಸಾಲದು, ಫಾಸ್ಫೇಟ್ ಇದ್ದದ್ದೂ ಇಲ್ಲದ್ದೂ ಸೇರಿ ಒಟ್ಟು ಇಆರ್‌ಕೆ ಬೇಕು. ಸ್ಟ್ರಿಪ್ ಮಾಡಿ, ಅಂದರೆ ಮೊದಲ ಆಂಟಿಬಾಡಿಯನ್ನು ಕಿತ್ತು, ಅದೇ ಮೆಂಬ್ರೇನಿಗೆ ಒಟ್ಟು ಇಆರ್‌ಕೆ ಆಂಟಿಬಾಡಿ ಹಾಕುವವರು ಜಾಸ್ತಿ. ಸ್ಟ್ರಿಪ್ ಮಾಡಲು ಬಳಸುವ ಮರ್ಕ್ಯಾಪ್ಟೋಎಥನಾಲ್ ವಾಸನೆಗೆ ಅರ್ಧ ಲ್ಯಾಬ್ ಖಾಲಿಯಾಗುವುದು ಹಾಗಿರಲಿ, ಹಳೆಯ ಸಿಗ್ನಲ್ ಪೂರ್ತಿ ಹೋಯಿತೇ ಅನ್ನುವ ಅನುಮಾನ ಉಳಿಯುತ್ತದೆ. ಜಾಗವೂ ಒಂದೇ, ಬ್ಯಾಂಡೂ ಅದೇ. ನಾನು ಅದೇ ಸ್ಯಾಂಪಲನ್ನು ಎರಡು ಜೆಲ್‌ಗಳಲ್ಲಿ ಒಟ್ಟಿಗೆ ಓಡಿಸುತ್ತೇನೆ.

ಇಜಿಎಫ್ ಕೊಟ್ಟ, ಕೊಡದ ಸ್ಯಾಂಪಲ್‌ಗಳನ್ನು ಒಂದೇ ಸಲ ಜಾಸ್ತಿ ಮಾಡಿ, ಸಣ್ಣ ಟ್ಯೂಬ್‌ಗಳಲ್ಲಿ ಹಂಚಿ ಮೈನಸ್ 80ರಲ್ಲಿ ಇಟ್ಟಿದ್ದೇನೆ. ಆಂಟಿಬಾಡಿಯ ಹೊಸ ಲಾಟ್ ಬಂದಾಗ, ಅದರಲ್ಲೂ ಪಾಲಿಕ್ಲೋನಲ್ (ಪ್ರಾಣಿಯ ರಕ್ತದಿಂದ ತೆಗೆದ ಹಲವು ಬಗೆಯ ಆಂಟಿಬಾಡಿಗಳ ಮಿಶ್ರಣ) ಆದರೆ ತಪ್ಪದೇ, ಹಳೆಯದರ ಪಕ್ಕದಲ್ಲಿ ಇವೇ ಸ್ಯಾಂಪಲ್ ಓಡಿಸಿ ನೋಡುತ್ತೇನೆ. ಪಾಲಿಕ್ಲೋನಲ್‌ನಲ್ಲಿ ಮೊಲ ಬದಲಾದರೆ ಆಂಟಿಬಾಡಿಯೂ ಬದಲಾದಂತೆ. ಒಂದೇ ಬಗೆಯ ಆಂಟಿಬಾಡಿ ಇರುವ ಮೊಲದ ಮೊನೋಕ್ಲೋನಲ್‌ನಲ್ಲಿ ಈ ಏರುಪೇರು ತುಂಬಾ ಕಡಿಮೆ, ದುಡ್ಡಿದ್ದರೆ ಅದನ್ನೇ ಕೊಳ್ಳಿ. ಯಾವುದನ್ನೇ ಕೊಂಡರೂ ಹಳೆಯ ಟ್ಯೂಬಿನಲ್ಲಿ ಇನ್ನೊಂದೆರಡು ಬ್ಲಾಟಿಗೆ ಆಗುವಷ್ಟು ಇರುವಾಗಲೇ ಹೊಸದಕ್ಕೆ ಆರ್ಡರ್ ಕೊಡಿ. ಪೂರ್ತಿ ಮುಗಿದ ಮೇಲೆ ತರಿಸಿದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ.