ಗೋವಾದ ಹಿತ್ತಲದಾಗ ಕೋಳಿ, ಹಣ್ಣಿನ ಗಿಡ: ಮೊದಲು ಯಾವುದು, ಆಮ್ಯಾಲ ಯಾವುದು

ಫೋಂಡಾ, ಡಿಚೋಲಿ, ಸಾಂಗೆ ಕಡೆ ಎರಡು-ಮೂರು ಗುಂಟೆ ಜಾಗ ತಗೊಂಡು ಮನಿ ಕಟ್ಟಿಸಿದ ನಮ್ಮ ಮಂದಿಗೆಲ್ಲಾ ಒಂದ ಆಸೆ ಇರ್ತೈತಿ, ಹಿತ್ತಲದಾಗ ಹತ್ತು ಗಾವಠಿ (ನಾಟಿ) ಕೋಳಿ ಓಡಾಡ್ಲಿ, ಎರಡು ಮಾವು, ಒಂದು ಪೇರಲ ಗಿಡ ಇರ್ಲಿ ಅಂತ. ಆಸೆ ಚಲೋನ ಐತಿ. ಆದ್ರ ಗಿಡ, ಮರಿ ಎರಡನ್ನೂ ಒಂದ ವಾರದಾಗ ತಂದು ಇಟ್ರ ಎರಡೂ ಕೈಗೆ ಸಿಗೂದಿಲ್ಲ. ಕೋಳಿ ಎಳೆ ಗಿಡದ ಬುಡ ಕೆದರಿ ಬೇರು ಹೊರಗ ಹಾಕ್ತಾವ, ಇಲ್ಲಿ ಮಳಿಗಾಲದ ಥಂಡಿಗೆ ಸಣ್ಣ ಮರಿ ತಡಕೊಳ್ಳೂದಿಲ್ಲ. ಹಂಗಾಗಿ ನಾ ಎಲ್ಲಾರಿಗೂ ಹೇಳೂದು ಇಷ್ಟ: ಜೂನ್‌ನಾಗ ಗಿಡ, ಚೌತಿ ಮುಗದ ಮ್ಯಾಲ ಗೂಡು, ದಸರಾ ದೀಪಾವಳಿ ನಡುವ ಮರಿ. ಈ ಕ್ರಮ ಬಿಡಬ್ಯಾಡ್ರಿ.

ಗಿಡ ಹಚ್ಚೂದು

ತೆಗ್ಗು ಮೇ ತಿಂಗಳದಾಗ ತಗೀರಿ. ಇಲ್ಲಿ ನೆಲ ನಮ್ಮ ಧಾರವಾಡ, ಗದಗ ಕಡೆ ಎರಿ ಭೂಮಿ ಅಲ್ಲ, ಕೆಂಪು ಜಂಬಿಟ್ಟಿಗಿ, ಮ್ಯಾಲ ಒಂದೀಟು ಮಣ್ಣು ಕೆಳಗ ಬರೇ ಕಲ್ಲು. ಮಾವಿಗೆ ಮೂರು ಅಡಿ ಉದ್ದ, ಅಗಲ, ಆಳ ಬೇಕು, ಪೇರಲ ಚಿಕ್ಕುಗೆ ಎರಡು ಅಡಿ ಸಾಕು. ತಗದು ಬಿಸಲಿಗೆ ಹಂಗ ಬಿಡ್ರಿ. ವರ್ಷಾ ಸುರಿಯೋ ಮಳಿಗೆ ಮಣ್ಣಾಗಿನ ಸುಣ್ಣದ ಅಂಶ ಎಲ್ಲಾ ತೊಳದು ಹೋಗಿ ಇಲ್ಲಿ ನೆಲ ಹುಳಿ ಆಗಿರ್ತೈತಿ, ಅದಕ್ಕ ತೆಗ್ಗು ತುಂಬೋವಾಗ ಮ್ಯಾಲಿನ ಮಣ್ಣು, ಹಳೇ ಸಗಣಿ ಗೊಬ್ಬರದ ಜೋಡಿ ಎರಡು ಮುಷ್ಟಿ ಕೃಷಿ ಸುಣ್ಣ ಕಲಸ್ರಿ. ತುಂಬಿದ ಮ್ಯಾಲ ಬುಡ ಸುತ್ತಲಿನ ನೆಲಕ್ಕಿಂತ ಸ್ವಲ್ಪ ಎತ್ತರ ಇರಬೇಕು, ಇಲ್ಲಾಂದ್ರ ಜುಲೈದಾಗ ನೀರು ನಿಂತು ಬೇರು ಕೊಳಿತೈತಿ.

ಕಸಿ ಗಿಡ ಹಚ್ಚೋವಾಗ ಕಸಿ ಕಟ್ಟಿದ ಗಂಟು ಮಣ್ಣಿಂದ ಮ್ಯಾಲ ಇರ್ಲಿ. ಆ ಗಂಟಿನ ಕೆಳಗಿಂದ ಚಿಗುರು ಬಂದ್ರ ಉಗುರಿಲೇ ಚಿವುಟಿ ಒಗೀರಿ, ಅದು ಕಾಡು ಬುಡದ ಚಿಗುರು, ಬಿಟ್ರ ಅದ ಬೆಳದು ಮ್ಯಾಲಿನ ಕಸಿ ಸಾಯ್ತೈತಿ.

ಯಾವ ಗಿಡ ಅಂತ ಕೇಳಿದ್ರ, ಗೋವಾದಾಗ ಇದ್ದು ಮಾನಕುರಾದ್ ಮಾವು ಹಚ್ಚದ ಇರಬಾರದು. 2023ರಾಗ ಅದಕ್ಕ ಜಿಐ ಟ್ಯಾಗ್, ಅಂದ್ರ ಇದು ಈ ಭಾಗದ್ದ ಅನ್ನೋ ಸರಕಾರಿ ಗುರುತು, ಸಿಕ್ಕೈತಿ, ರುಚಿ ನೋಡಿದವರಿಗೆ ಅದು ಬ್ಯಾರೆ ಹೇಳೂದ ಬ್ಯಾಡ. ಸಣ್ಣ ಜಾಗಕ್ಕ ಒಂದ ಗಿಡ ಸಾಕು, ಹಣ್ಣು ಮುಗದ ಕೂಡ್ಲೆ ಟೊಂಗಿ ಕತ್ತರಿಸಿ ಗಿಡ್ಡ ಇಟ್ಕೋರಿ. ಎರಡನೇದು ಭಿರಂಡ, ಅಂದ್ರ ನಮ್ಮ ಮುರಗಲ, ಕೋಕಂ. ಇದು ತೆಂಗಿನ ನೆರಳಾಗೂ ಬೆಳೀತೈತಿ. ಆದ್ರ ಬೀಜದ ಗಿಡ ತರಬ್ಯಾಡ್ರಿ. ಭಿರಂಡದಾಗ ಗಂಡು ಹೆಣ್ಣು ಗಿಡ ಬ್ಯಾರೆ ಬ್ಯಾರೆ, ಬೀಜದಿಂದ ಬಂದದ್ದು ಗಂಡೋ ಹೆಣ್ಣೋ ಗೊತ್ತಾಗಾಕ ಏಳೆಂಟು ವರ್ಷ ಹಿಡೀತೈತಿ. ದಾಪೋಲಿ ಕೃಷಿ ವಿದ್ಯಾಪೀಠದ ಕೊಂಕಣ ಅಮೃತಾ ತಳಿಯ ಕಸಿ ಸಿಕ್ರ ತಗೋರಿ. ಮತ್ತ ಪೇರಲ, ಅದು ಎರಡ ವರ್ಷಕ್ಕ ಹಣ್ಣು ಕೊಡ್ತೈತಿ. ಪಪ್ಪಾಯಿ, ಬಾಳಿ ಅಂತೂ ಹೆಚ್ಚು ಕಡಿಮಿ ವರ್ಷದಾಗ ಬರ್ತಾವ, ಮಾವು ದೊಡ್ಡದು ಆಗೂತನ ಮನಿ ಮಂದಿ ಬಾಯಿ ಸಿಹಿ ಆಗಾಕ ಇವು ಬೇಕು. ಮಾಪುಸಾ ಶುಕ್ರವಾರದ ಸಂತ್ಯಾಗ ಮಳಿ ಶುರು ಆಗೋ ಹೊತ್ತಿಗೆ ಸಸಿ ಬರ್ತಾವ, ಆದ್ರ ತಳಿ ಖಾತ್ರಿ ಬೇಕಂದ್ರ ಹಳೇ ಗೋವಾದಾಗಿರೋ ಐಸಿಎಆರ್ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯಾಗ ಮೊದಲು ವಿಚಾರಿಸ್ರಿ, ಕೋಳಿ ಮರಿ ಬಗ್ಗೆನೂ ಅಲ್ಲೇ ಕೇಳಬಹುದು.

ಗೂಡು

ಹತ್ತು ಕೋಳಿಗೆ ನಾಕು ಅಡಿ, ಐದು ಅಡಿ ಗೂಡು ಸಾಕು, ಯಾಕಂದ್ರ ರಾತ್ರಿ ಅಷ್ಟ ಒಳಗ ಇರ್ತಾವ. ಚಿರೇ ಕಲ್ಲಿನ ಮ್ಯಾಲ ನೆಲದಿಂದ ಎರಡೂವರಿ ಅಡಿ ಎತ್ತರಕ್ಕ ಕಟ್ರಿ. ಜಾಳಿಗಿ ವಿಷಯದಾಗ ರೊಕ್ಕ ಉಳಿಸಬ್ಯಾಡ್ರಿ. ತೆಳು ಕೋಳಿ ಜಾಳಿಗಿ ಕೋಳಿ ಹೊರಗ ಹೋಗದಂಗ ತಡೀತೈತಿ ಹೊರತು ಹೊರಗಿನವು ಒಳಗ ಬರೂದನ್ನ ತಡಿಯೂದಿಲ್ಲ. ಇಲ್ಲಿ ಮುಂಗಸಿ, ಪುನುಗು ಬೆಕ್ಕು, ಹೆಬ್ಬಾವು ಎಲ್ಲಾ ಅದಾವ. ಅರ್ಧ ಇಂಚಿನ ವೆಲ್ಡೆಡ್ ಮೆಶ್ಶ ಹಾಕ್ರಿ, ಬಾಗಿಲಿಗೆ ತಿರುವೋ ಚಿಲಕ ಹಾಕ್ರಿ. ಮಳಿ ನೈಋತ್ಯದಿಂದ ಹೊಡೀತೈತಿ, ಆ ಕಡೆ ಪೂರ್ತಿ ಮುಚ್ಚಿ ಉಳದ ಕಡೆ ಗಾಳಿ ಆಡಾಕ ಬಿಡ್ರಿ. ಒಳಗ ಹೋದ್ರ ಕಣ್ಣು ಉರಿಯೋವಂಥ ವಾಸನಿ ಬರ್ತಿದ್ರ ಗಾಳಿ ಸಾಲದು ಅಂತನ ಅರ್ಥ. ತತ್ತಿ ಇಡಾಕ ಒಂದು ಅಡಿ ಚೌಕದ ಪೆಟ್ಟಿಗಿ, ನಾಕೈದು ಹ್ಯಾಟಿಗೆ ಒಂದು, ಕತ್ತಲಿ ಮೂಲ್ಯಾಗ.

ಮರಿ ಬಂದ ಮ್ಯಾಲ ಮೊದಲ ಮೂರು ವಾರ

ತತ್ತಿ ಮುಖ್ಯ ಅಂದ್ರ ಗ್ರಾಮಪ್ರಿಯಾ, ತತ್ತಿ ಮಾಂಸ ಎರಡೂ ಬೇಕಂದ್ರ ವನರಾಜ. ಎರಡೂ ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದಾಗ ಹಿತ್ತಲ ಸಾಕಣಿಗಂತನ ಮಾಡಿದ ತಳಿ. ಊರ ಕಡೆ ಹೋದಾಗ ನಮ್ಮ ಕರ್ನಾಟಕದ ಗಿರಿರಾಜ ಸಿಕ್ರ ಅದೂ ಚಲೋ.

ಮೊದಲ ವಾರ ಮರಿಗೆ 35 ಡಿಗ್ರಿ ಕಾವು ಬೇಕು, ಆಮ್ಯಾಲ ವಾರಕ್ಕ ಮೂರು ಡಿಗ್ರಿಯಂಗ ಇಳಸ್ತಾ ಹೋಗ್ರಿ. ಈಗ ಎಲ್ಲಾರ ಮನ್ಯಾಗ ಎಲ್‌ಇಡಿ ಬಲ್ಬ ಇರ್ತಾವ, ಅವು ಬೆಳಕು ಕೊಡ್ತಾವ ಕಾವು ಕೊಡೂದಿಲ್ಲ, ಹಳೇ ನಮೂನಿ 60 ವ್ಯಾಟಿನ ಬಲ್ಬ ಹುಡುಕಿ ತರಬೇಕು. ಥರ್ಮಾಮೀಟರ್ ಇಲ್ಲಾಂದ್ರೂ ನಡೀತೈತಿ, ಮರಿ ನೋಡಿದ್ರ ಗೊತ್ತಾಗ್ತೈತಿ. ಎಲ್ಲಾವೂ ಬಲ್ಬಿನ ಕೆಳಗ ಒಂದರ ಮ್ಯಾಲ ಒಂದು ಬಿದ್ದು ಚೀಂವ್ ಚೀಂವ್ ಅಂತ ಒಂದ ಸಮ ಒದರಿದ್ರ ಥಂಡಿ, ಬಲ್ಬ ಕೆಳಗ ಇಳಸ್ರಿ. ಗ್ವಾಡಿಗೆ ಹತ್ತಿ ಬಾಯಿ ತಕ್ಕೊಂಡು ರೆಕ್ಕಿ ಬಿಚ್ಚಿ ಕುಂತ್ರ ಶಕಿ, ಮ್ಯಾಲ ಏರಸ್ರಿ. ಅಲ್ಲೊಂದು ಇಲ್ಲೊಂದು ಹರಡಿಕೊಂಡು ತಿನ್ಕೋತ, ಮಲಕ್ಕೋತ ಇದ್ವು ಅಂದ್ರ ಬರೋಬ್ಬರಿ ಐತಿ. ರಾತ್ರಿ ಮಲಗೋ ಮೊದಲು ಒಮ್ಮೆ, ನಸುಕಿನಾಗ ಒಮ್ಮೆ ನೋಡೂದು ತಪ್ಪಿಸಬ್ಯಾಡ್ರಿ, ಥಂಡಿ ಹೊಡೆಯೂದು ಅವಾಗನ.

ನೀರಿನ ತಟ್ಟಿ ಆಳ ಇರಬಾರದು, ಒಳಗ ನಾಕು ಸಣ್ಣ ಕಲ್ಲು ಹಾಕ್ರಿ, ಇಲ್ಲಾಂದ್ರ ಮರಿ ಮುಳಗ್ತಾವ. ಹಿಂದಿನ ಭಾಗಕ್ಕ ಹಿಕ್ಕಿ ಒಣಗಿ ಅಂಟಿದ್ರ ಬೆಚ್ಚನ್ನ ನೀರಾಗ ಅರಳಿ ಅದ್ದಿ ಮೆತ್ತಗ ಮಾಡಿ ಬಿಡಸ್ರಿ, ಕಿತ್ತಬ್ಯಾಡ್ರಿ, ಚರ್ಮ ಹರೀತೈತಿ.

ಲಸಿ: ಐದರಿಂದ ಏಳನೇ ದಿನದೊಳಗ ಕಣ್ಣಿಗೆ ಲಸೋಟಾ (ರಾಣಿಖೇತ್ ರೋಗದ ಲಸಿ) ಒಂದು ಹನಿ, 14ನೇ ದಿನಕ್ಕ ಗುಂಬೋರೋ ರೋಗದ ಲಸಿ, 28ಕ್ಕ ಮತ್ತೊಮ್ಮೆ ಲಸೋಟಾ, ಎಂಟನೇ ವಾರದ ಮ್ಯಾಲ ಆರ್‌ಟುಬಿ ಇಂಜೆಕ್ಷನ್, ಇದೂ ರಾಣಿಖೇತಿಗನ. ರಾಣಿಖೇತ್ ಬಂತು ಅಂದ್ರ ಗೂಡಿಗೆ ಗೂಡ ಖಾಲಿ ಆಗ್ತೈತಿ, ಅದಕ್ಕ ಔಷಧ ಇಲ್ಲ, ಲಸಿ ಒಂದ ದಾರಿ. ಒಂದು ಬಾಟ್ಲ್ಯಾಗ ನೂರು ಕೋಳಿಗೆ ಆಗೋವಷ್ಟು ಇರ್ತೈತಿ, ಒಡದ ಮ್ಯಾಲ ಬರ್ಫದಾಗ ಇಟ್ಟು ಒಂದೆರಡು ತಾಸಿನಾಗ ಮುಗಿಸಬೇಕು, ಹಂಗಾಗಿ ವಾಡೆದಾಗ (ಓಣ್ಯಾಗ) ಕೋಳಿ ಸಾಕಿದವರೆಲ್ಲಾ ಮಾತಾಡ್ಕೊಂಡು ಒಂದ ದಿನ ಹಾಕಸೂದು ಎಲ್ಲಾರಿಗೂ ಅಗ್ಗ. ದನದ ದವಾಖಾನಿ ಡಾಕ್ಟರಿಗೆ ಮೊದಲ ಹೇಳಿ ಇಟ್ರ ತರಸ್ತಾರ.

ಕೋಳಿ, ಗಿಡ ಎರಡೂ ಕೂಡೂದು

ಎರಡು ತಿಂಗಳಾದ ಮ್ಯಾಲ ಹೊರಗ ಬಿಡ್ರಿ. ಬಿಡೋ ಮೊದಲು ಪ್ರತಿ ಗಿಡದ ಬುಡಕ್ಕ ಎರಡು ಅಡಿ ಸುತ್ತ ಕಲ್ಲು ಒತ್ತಿ ಹೊಂದಸ್ರಿ, ಕೆದರಾಕ ಬರೂದಿಲ್ಲ, ತೇವಾನೂ ಉಳೀತೈತಿ.

ಹಿತ್ತಲಕ್ಕ ಕೋಳಿ ಬೇಕು ಅನ್ನೂದಕ್ಕ ದೊಡ್ಡ ಕಾರಣ ಹಣ್ಣಿನ ನೊಣ. ಮಾವು, ಪೇರಲ ಹೆಚ್ಚಿದಾಗ ಒಳಗ ಬಿಳಿ ಹುಳ ಇರ್ತಾವಲ್ಲ, ಅದರದ್ದ ಮರಿ ಅವು. ಹಣ್ಣು ಕೆಳಗ ಬಿದ್ದ ಮ್ಯಾಲ ಆ ಹುಳ ಹೊರಗ ಬಂದು ಒಂದೆರಡು ಇಂಚು ಮಣ್ಣಾಗ ಇಳದು ಕೋಶ ಕಟ್ಟಿ, ಮತ್ತ ನೊಣ ಆಗಿ ಮ್ಯಾಲ ಏಳ್ತಾವ. ಕೋಳಿ ಕೆದರೂದೂ ಅಷ್ಟ ಆಳ. ಬಿದ್ದ ಹಣ್ಣು, ಹುಳ, ಕೋಶ ಮೂರನ್ನೂ ತಿಂತಾವ. ಇದರ ಜೋಡಿ ಗಂಡು ನೊಣಾನ ವಾಸನಿಲೇ ಎಳೆಯೋ ಮಿಥೈಲ್ ಯುಜಿನಾಲ್ ಹಾಕಿದ ಬಲೆ ಒಂದೆರಡು ತೂಗು ಹಾಕಿದ್ರ ಗಂಡು ನೊಣ ಅದರಾಗ ಬೀಳ್ತಾವ, ಮುಂದಿನ ಹಣ್ಣು ಸಾಕಷ್ಟು ಉಳೀತಾವ.

ಕೋಳಿ ಹಿಕ್ಕಿ ಹಸೀದು ಗಿಡಕ್ಕ ಹಾಕಬ್ಯಾಡ್ರಿ, ಬೇರು ಸುಡ್ತೈತಿ. ಒಣ ಎಲಿ ಜೋಡಿ ಒಟ್ಟಿ ಮೂರು ತಿಂಗಳು ಬಿಟ್ಟು ಹಾಕ್ರಿ. ತತ್ತಿ ಕೋಳಿ ಹಿಕ್ಕ್ಯಾಗ ಸುಣ್ಣದ ಅಂಶಾನೂ ಇರ್ತೈತಿ, ನಮ್ಮ ಈ ಹುಳಿ ಮಣ್ಣಿಗೆ ಅದು ಬೇಕಾದದ್ದ. ಕೋಳಿಗೂ ತತ್ತಿ ಸಿಪ್ಪಿ ಗಟ್ಟಿ ಆಗಾಕ ಸುಣ್ಣ ಬೇಕು, ಅದನ್ನ ಅಂಗಡಿಯಾಗ ಕೊಳ್ಳೂದು ಯಾಕ, ತಿಸ್ರ್ಯೊ (ಇಲ್ಲಿ ತಿನ್ನೋ ಚಿಪ್ಪಿನ ಪ್ರಾಣಿ) ಪಲ್ಯಾ ಮಾಡಿದ ಮ್ಯಾಲ ಚಿಪ್ಪು ತೊಳದು ಒಣಗಿಸಿ ಜಜ್ಜಿ ಒಂದು ತಟ್ಟ್ಯಾಗ ಇಡ್ರಿ, ಬೇಕಾದಷ್ಟು ತಾವ ತಿಂತಾವ. ನುಚ್ಚು, ಅಡಗಿ ಮನಿ ಕಾಯಿಪಲ್ಯಾ ಸಿಪ್ಪಿ ನಡೀತೈತಿ, ಆದ್ರ ಲೇಯರ್ ಫೀಡ್ (ತತ್ತಿ ಕೋಳಿಗಂತ ಮಾಡಿದ ಆಹಾರ) ಪೂರ್ತಿ ಬಿಡಬ್ಯಾಡ್ರಿ. ಮಳಿಗಾಲದಾಗ ಫೀಡ್ ಚೀಲ ನೆಲಕ್ಕ ಇಡಬಾರದು, ಬೂಸ್ಟು ಹಿಡದದ್ದು ಒಂದು ಮುಷ್ಟಿನೂ ಹಾಕಬಾರದು, ಅದು ವಿಷ. ಹಿಕ್ಕ್ಯಾಗ ರಕ್ತ ಕಂಡ್ರ ಅದು ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ ಇರಬಹುದು, ಗೂಡಿನಾಗ ಹಾಸಿದ ಭತ್ತದ ಹೊಟ್ಟು ಒದ್ದಿ ಆದಾಗ ಜಾಸ್ತಿ ಬರ್ತೈತಿ, ಹೊಟ್ಟು ಬದಲಿಸಿ ಅವತ್ತ ಡಾಕ್ಟರಿಗೆ ತೋರಸ್ರಿ.

ಅಕ್ಟೋಬರ್‌ದಾಗ ತಂದ ಮರಿ ಐದಾರು ತಿಂಗಳಿಗೆ, ಅಂದ್ರ ಮಾರ್ಚ್ ಏಪ್ರಿಲ್‌ಗೆ ತತ್ತಿ ಶುರು ಮಾಡ್ತಾವ. ಮೊದಲ ತತ್ತಿ ಸಣ್ಣವು ಇರ್ತಾವ, ಗಾಬರಿ ಆಗಬ್ಯಾಡ್ರಿ. ಹುಂಜ ಇಲ್ಲದನೂ ತತ್ತಿ ಬರ್ತಾವ, ಮರಿ ಮಾಡಸೂದು ಇದ್ರ ಅಷ್ಟ ಒಂದು ಹುಂಜ ಇಟ್ಕೋರಿ. ಮುಂದ ಮಾವಿಗೆ ಹೂವು ಬಂದಾಗ ಏನರ ಔಷಧ ಹೊಡದ್ರ, ಆ ಡಬ್ಬಿ ಮ್ಯಾಲ ಬರದಷ್ಟು ದಿನ ಕೋಳೀನ ಆ ಗಿಡದ ಕೆಳಗ ಬಿಡಬ್ಯಾಡ್ರಿ, ತತ್ತಿ ತಿನ್ನೋರು ನಮ್ಮ ಮಕ್ಕಳ.