11 ಮಕ್ಕಳು, 14 ಕೈ

“ಪ್ರಸ್ತಾರ ಬಿಟ್ಟ ಬಿಡ್ರಿ ಸರ್, ಮೂರು ಅಂಕಕ್ಕ ಯಾಕ ತಲಿ ಕೆಡಿಸ್ಕೋತೀರಿ?” ಸ್ಟಾಫ್‌ರೂಮಿನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಪ್ರಸ್ತಾರ ಎಂದರೆ ಪದ್ಯದ ಸಾಲಿಗೆ ಲಘು, ಗುರು ಗುರುತು ಹಾಕಿ ಗಣ ಬಿಡಿಸುವುದು. ನಮ್ಮದು ಮುಧೋಳ ತಾಲ್ಲೂಕಿನ ಸರಕಾರಿ ಹೈಸ್ಕೂಲು. ರನ್ನ ಹುಟ್ಟಿದ ಸೀಮೆಯ ಹುಡುಗರೇ ಕಂದಪದ್ಯ ಕಂಡು ಓಡಿದರೆ ಹೇಗೆ? ಹತ್ತನೆಯ ತರಗತಿಯ ಕನ್ನಡ ಪರೀಕ್ಷೆಯಲ್ಲಿ ಛಂದಸ್ಸಿಗೆ ಮೂರು, ಅಲಂಕಾರಕ್ಕೆ ಮೂರು. ಆರು ಅಂಕ ಬಿಟ್ಟುಕೊಡುವಷ್ಟು ಶ್ರೀಮಂತರಲ್ಲ ನಮ್ಮ ಮಕ್ಕಳು.

ಮೊದಲ ವರ್ಷ ಛಂದಸ್ಸಿನ ಲಕ್ಷಣಗಳ ಫ್ಲೆಕ್ಸ್ ಮಾಡಿಸಿ ಗೋಡೆಗೆ ಹಾಕಿದೆ. ಸುಮಾರು 1,200 ರೂಪಾಯಿ ಕಿಸೆಯಿಂದ ಹೋಯಿತು. ಲಕ್ಷಣವನ್ನೆಲ್ಲ ಗಿಳಿಗಳ ಹಾಗೆ ಒಪ್ಪಿಸಿದರು, ಹೊಸ ಪದ್ಯ ಕೊಟ್ಟರೆ ಮಿಕಿಮಿಕಿ ನೋಡಿದರು. ಮರುವರ್ಷ ಒಂದು ಸ್ಪೀಕರ್ ಕೊಂಡು ಕಾವ್ಯವನ್ನು ರಾಗವಾಗಿ ಓದುವ ಗಮಕ ಕೇಳಿಸಿದೆ, ಅದಕ್ಕೊಂದು 900. ರಾಗವೇನೋ ಹಿಡಿದರು, ಮಾತ್ರೆ, ಅಂದರೆ ಅಕ್ಷರ ಹೇಳುವ ಕಾಲದ ಲೆಕ್ಕ, ಕೈಗೆ ಹತ್ತಲಿಲ್ಲ. ರಾಗದಲ್ಲಿ ಒಂದು ಮಾತ್ರೆಯ ಲಘುವನ್ನೂ ಎಳೆಯುತ್ತಾರಲ್ಲ, ಹುಡುಗರು ಅದನ್ನೂ ಎರಡು ಮಾತ್ರೆಯ ಗುರು ಎಂದೇ ಬರೆದರು.

ಕೊನೆಗೆ ಕೈಹಿಡಿದದ್ದು ಕಾಸಿಲ್ಲದ ಉಪಾಯ. ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಪಾಠದ ಮೊದಲ ಸಾಲನ್ನೇ ಮೈದಾನಕ್ಕೆ ಒಯ್ದೆ. ‘ಇನತನೂಜನ ಕೂಡೆ ಮೈದುನ’ ಎಂದರೆ 11 ಅಕ್ಷರ, 11 ಮಕ್ಕಳು. ಲಘು ಆದವರು ಒಂದು ಕೈ ಎತ್ತಬೇಕು, ಗುರು ಆದವರು ಎರಡೂ ಕೈ. ನೂ, ಕೂ, ಮೈ ಈ ಮೂವರದು ಎರಡೆರಡು. ಎಣಿಸಿದರೆ 14 ಕೈ. ಮೂರು ಕೈಗೊಮ್ಮೆ, ನಾಲ್ಕು ಕೈಗೊಮ್ಮೆ ನಡುವೆ ಸುಣ್ಣದ ಗೆರೆ. ಆರು ಸಾಲಿನ ಭಾಮಿನಿ ಷಟ್ಪದಿಯ ಲೆಕ್ಕ ಅಲ್ಲೇ ನಿಂತಿತ್ತು.

ಮಜಾ ಇರುವುದು ಮೂರನೆಯ ಸಾಲಿನಲ್ಲಿ, ‘ದನುಜರಿಪು ಬರಸೆಳೆದು ಕುಳ್ಳಿರಿಸಿದನು ಪೀಠದಲಿ’. ಅದಕ್ಕೆ 20 ಮಕ್ಕಳು ಬೇಕು, 23 ಕೈ ಬರಬೇಕು. ‘ಕುಳ್ಳಿರಿಸಿದನು’ ಬಂದಾಗ ‘ಳ್ಳಿ’ ಆದವನು ತನಗಿಂತ ಮೊದಲು ನಿಂತ ‘ಕು’ವಿನ ಹೆಗಲು ಒತ್ತಬೇಕು. ಒತ್ತಿದೊಡನೆ ಅವನ ಎರಡನೆಯ ಕೈ ಮೇಲೇಳುತ್ತದೆ. ಒತ್ತಕ್ಷರದ ಹಿಂದಿನದು ಗುರು ಎಂದು ಆಮೇಲೆ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಆದರೂ ಒಂದು ಕೈ ಕಡಿಮೆ. ಸಾಲಿನ ತುದಿಯ ‘ಲಿ’ ಆಗಿದ್ದ ಹುಡುಗಿ, “ಸರ್, ನಂದೂ ಎರಡ ಎತ್ಲ್ಯಾ?” ಎಂದಳು. ಎತ್ತವ್ವ ಎಂದೆ. ಷಟ್ಪದಿಯ ಮೂರು ಮತ್ತು ಆರನೆಯ ಸಾಲಿನ ಕೊನೆಯ ಅಕ್ಷರ ಗುರು.

ಅಲಂಕಾರಕ್ಕೆ ‘ಮುಖಕಮಲ’ದಂಥ ಹಳೆಯ ಉದಾಹರಣೆಯನ್ನು ಕೈಬಿಟ್ಟೆ. ಮನೆಯಲ್ಲಿ ಬೈಸಿಕೊಂಡದ್ದನ್ನೇ ಬರೆದು ತರಲು ಹೇಳಿದೆ. “ಅವ್ವ ಬೈದ್ರ ಗುಡುಗು ಬಡದಂಗ ಆಕೈತಿ” ಉಪಮೆ, ನಮ್ಮ ಕಡೆ ‘ಹಾಗೆ’ ಎನ್ನುವ ‘ಅಂಗ’ವೇ ಉಪಮಾವಾಚಕ, ಹೋಲಿಕೆ ತೋರುವ ಪದ. “ಬೈಗುಳದ ಮಳಿಯೊಳಗ ತೊಯ್ದೆ” ಎಂದರೆ ಬೈಗುಳವೇ ಮಳೆ, ರೂಪಕ. ಒಂದನ್ನು ಇನ್ನೊಂದೋ ಏನೋ ಎಂದು ಕಲ್ಪಿಸುವ ಉತ್ಪ್ರೇಕ್ಷೆಗೆ 2019ರ ಪ್ರವಾಹ ನೆನಪಿಸಿದೆ, “ಘಟಪ್ರಭಾ ಊರ ನುಂಗಾಕ ಬಂದಾಳೋ ಏನೋ ಅನ್ನೂವಂಗ ಬಂತು” ಎಂದು ಒಬ್ಬ ಬರೆದ. ದೃಷ್ಟಾಂತ, ಅರ್ಥಾಂತರನ್ಯಾಸ ಎಂಬ ಎರಡು ಅಲಂಕಾರ ಬೇರ್ಪಡಿಸಲು ನನ್ನದೊಂದು ಗುಟ್ಟಿದೆ. ಅದನ್ನು ಬರೆಯುವುದಿಲ್ಲ, ಶಾಲೆಗೆ ಬಂದರೆ ಚಹಾ ಕುಡಿಸಿ ತೋರಿಸುತ್ತೇನೆ.

ನಡುವೆ ಕಬ್ಬಿನ ಟ್ರ್ಯಾಲಿಗಳ ಹಿಂದಿನ ಬರಹ ಕೂಡಿಸಿ, ಒಂದೇ ಅಕ್ಷರ ಮತ್ತೆ ಮತ್ತೆ ಬರುವ ಅನುಪ್ರಾಸ ಹುಡುಕಿಸಿದೆ. ಅನುಪ್ರಾಸಕ್ಕಿಂತ ಪ್ರೇಮವೈಫಲ್ಯವೇ ಹೆಚ್ಚು ಸಿಕ್ಕಿತು, ಹೆಡ್‌ಮಾಸ್ತರರು ನಿಲ್ಲಿಸಿದರು.

ನಾಟಕದ ಖರ್ಚೇ ದೊಡ್ಡದು. ಅದೇ ಪಾಠದ ಕೃಷ್ಣ–ಕರ್ಣರ ಸಂಭಾಷಣೆಗೆ ಬಯಲಾಟದ ವೇಷ ಬಾಡಿಗೆಗೆ ತಂದೆ. ವೇಷ, ಹಾರ್ಮೋನಿಯಂ, ಗಾಡಿ ಬಾಡಿಗೆ ಸೇರಿ ನಾಲ್ಕು ಸಾವಿರದ ಮೇಲೆ ಕೈ ಬಿಟ್ಟಿತು. ಕಿರೀಟ ಕಣ್ಣಿಗಿಳಿದು ಕರ್ಣನಿಗೆ ಮಾತೇ ಮರೆಯಿತು. ಮುಂದಿನ ಸಲ ವೇಷವೇ ಇಲ್ಲ, ಒಂದು ಬೆಂಚೇ ರಥ. ಬೆಂಚಿನ ಮೇಲೆ ಒತ್ತಿ ಕೂತ ಕೃಷ್ಣನಿಂದ ಕರ್ಣ ಸಂಕೋಚಪಟ್ಟು ಸರಿದು ಕೂತ. ಹೀಗಾಗಿ ‘ಸಂದರ್ಭ, ಸ್ವಾರಸ್ಯ’ ಪ್ರಶ್ನೆಗೂ ಉತ್ತರ ತಯಾರಾಯಿತು. ಮುಂದೆ ರನ್ನನ ‘ಛಲಮನೆ ಮೆರೆವೆಂ’ ಪಾಠದಲ್ಲಿ ಭೀಷ್ಮರನ್ನು ಬೆಂಚಿನ ಮೇಲೆ ಮಲಗಿಸಿದ್ದೂ ಆಯಿತು.

ಮೊದಲು 45ರಷ್ಟು ಮಕ್ಕಳಲ್ಲಿ ಹತ್ತು ಹನ್ನೆರಡು ಮಂದಿ ಪ್ರಸ್ತಾರಕ್ಕೆ ಕೈಹಾಕುತ್ತಿದ್ದರು. ಈಗ ಬಿಡುವವರು ಐದಾರು ಮಂದಿ. ಬರೆದವರಲ್ಲಿ ಬಹುಪಾಲಿಗೆ ಮೂರಕ್ಕೆ ಮೂರು. ಬಿಟ್ಟಬಿಡ್ರಿ ಎಂದವರೇ ಈಗ ಸುಣ್ಣದ ಪುಡಿ ಕೇಳಿಕೊಂಡು ಬರುತ್ತಾರೆ.

ಮಾಡುವವರು ಜೂನ್‌ನಲ್ಲೇ ಶುರುಮಾಡಿ. ಕಬ್ಬಿನ ಕಟಾವು ಹತ್ತಿದ ಮೇಲೆ ಸಾಲಿಗೆ 20 ಮಕ್ಕಳು ಸಿಗುವುದಿಲ್ಲ. ಭಾಮಿನಿ ಆದಮೇಲೆ ವಾರ್ಧಕ ಷಟ್ಪದಿ, ಆಮೇಲೆ ಕಂದಪದ್ಯ. ಉತ್ಪಲಮಾಲೆಗೆ 20, ಚಂಪಕಮಾಲೆಗೆ 21 ಮಕ್ಕಳು ಬೇಕಾದರೂ ಅವು ಅಕ್ಷರ ಎಣಿಸಿ ಗಣ ಮಾಡುವ ವೃತ್ತಗಳು, ಅಲ್ಲಿ ಕೈ ಎಣಿಸಿ ಉಪಯೋಗವಿಲ್ಲ, ಮೂರು ಮೂರು ಮಂದಿಯ ಗುಂಪು ಕಟ್ಟಿ ಗಣಗಳನ್ನು ನೆನಪಿಡುವ ‘ಯಮಾತಾರಾಜಭಾನಸಲಗಂ’ ಸೂತ್ರ ಹೇಳಿಸಿ.