ಕಲಬುರಗಿಯಲ್ಲಿದ್ದು ಸ್ಪೋರ್ಟ್ ಸೆಡಾನ್ ಕೊಳ್ಳುವಾಗ: ವೇಗ, ಹೊಸ ತಂತ್ರಜ್ಞಾನ, ಬಾಳಿಕೆಗಳನ್ನು ತೂಗುವ ಬಗೆ

ದುಬಾರಿ ಸ್ಪೋರ್ಟ್ ಸೆಡಾನ್ (ವೇಗಕ್ಕೂ ಚುರುಕು ಓಟಕ್ಕೂ ಹೊಂದಿಸಿದ ನಾಲ್ಕು ಬಾಗಿಲಿನ, ಹಿಂದೆ ಡಿಕ್ಕಿಯಿರುವ ಕಾರು) ಕೊಳ್ಳಲು ಹೊರಟವರು ಶೋರೂಮಿನಲ್ಲಿ ಮೊದಲು ಕೇಳುವುದು, ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು ಎಂದು. ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆಯೇ ಇದೆ: ಈ ಗಾಡಿ ಕೆಟ್ಟು ನಿಂತರೆ ಎಲ್ಲಿಗೆ ಒಯ್ಯಬೇಕು, ಎಷ್ಟು ದಿನಕ್ಕೆ ಮರಳಿ ಬರುತ್ತದೆ? ಇಂಥ ಕಾರುಗಳ ಅಧಿಕೃತ ಸರ್ವೀಸ್ ಎಂದರೆ ನಮ್ಮಲ್ಲಿ ಬಹುತೇಕರಿಗೆ ಹೈದರಾಬಾದ್. ಕಲಬುರಗಿಯಿಂದ ಹುಮನಾಬಾದ್, ಜಹೀರಾಬಾದ್ ದಾಟಿ 200 ಕಿ.ಮೀ.ಗೂ ಹೆಚ್ಚಿನ ದಾರಿ. ಮಹಾನಗರದವರಿಗೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ನಮಗೆ ಒಂದು ವಾರ ಹಿಡಿಯುತ್ತದೆ.

ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ನಮ್ಮ ಕಾಕಾ ಅವರ ಕಾರು ಹುಮನಾಬಾದಿನ ಬಳಿ ನಿಂತುಬಿಟ್ಟಿತು. ಎಂಜಿನ್ ಸರಿಯಿತ್ತು, ಗೇರ್‌ಬಾಕ್ಸ್ ಸರಿಯಿತ್ತು. ಎಂಜಿನ್ನನ್ನು ತಂಪಿಡುವ ದ್ರವ, ಅಂದರೆ ಕೂಲಂಟ್, ಹರಿಯುವ ಪ್ಲಾಸ್ಟಿಕ್ ಕೊಳವೆಯ ಒಂದು ಜೋಡಣೆ ಬಿಸಿಲಿಗೆ ಗಡುಸಾಗಿ ಒಡೆದು, ನೀರೆಲ್ಲ ರಸ್ತೆಗೆ ಸುರಿದಿತ್ತು. ಕೆಲವೇ ಸಾವಿರದ ಆ ಭಾಗಕ್ಕಾಗಿ ಕಾರನ್ನು ಲಾರಿಯ ಮೇಲೆ ಹೇರಿ ಹೈದರಾಬಾದಿಗೆ ಕಳುಹಿಸಿ ಹನ್ನೊಂದು ದಿನ ಕಾಯಬೇಕಾಯಿತು. ಅಂದಿನಿಂದ ಯಾರಾದರೂ ನನ್ನನ್ನು ಕಾರಿನ ಬಗ್ಗೆ ಕೇಳಿದರೆ, ದೋಷಗಳನ್ನು ಮೊದಲು ಎರಡು ಪಾಲು ಮಾಡಿರಿ ಎನ್ನುತ್ತೇನೆ: ಗಾಡಿಯನ್ನು ನಿಲ್ಲಿಸಿಬಿಡುವ ದೋಷ ಒಂದು ಪಾಲು, ಬರೀ ಕಿರಿಕಿರಿ ಮಾಡುವ ದೋಷ ಇನ್ನೊಂದು ಪಾಲು.

ಸಮೀಕ್ಷೆಗಳು ಈ ವಿಂಗಡಣೆಯನ್ನು ಮಾಡಿಕೊಡುವುದಿಲ್ಲ. ಅಮೆರಿಕದ ಜೆ.ಡಿ. ಪವರ್ ಸಂಸ್ಥೆ ಮೂರು ವರ್ಷ ಓಡಿದ ಕಾರುಗಳ ಮಾಲೀಕರನ್ನು ಕೇಳಿ, ಪ್ರತಿ 100 ಕಾರುಗಳಿಗೆ ಎಷ್ಟು ತೊಂದರೆ ಬಂದವು ಎಂದು ಎಣಿಸುತ್ತದೆ. 2023 ಮತ್ತು 2024ರ ಪಟ್ಟಿಗಳಲ್ಲಿ ಲೆಕ್ಸಸ್ ಮೊದಲ ಸ್ಥಾನದಲ್ಲಿತ್ತು. ಆದರೆ ಆ ಎಣಿಕೆಯಲ್ಲಿ ಫೋನು ಪರದೆಗೆ ಜೋಡಣೆಯಾಗದಿರುವುದೂ ಒಂದು ತೊಂದರೆ, ಗೇರ್‌ಬಾಕ್ಸ್ ಕೈಕೊಡುವುದೂ ಒಂದು ತೊಂದರೆ. ಅಲ್ಲಿ ಹೆಚ್ಚು ದೂರು ಬರುವುದು ಪರದೆ ಮತ್ತು ಅದರ ತಂತ್ರಾಂಶದ ಮೇಲೆಯೇ. ಪಟ್ಟಿಯಲ್ಲಿ ಕೆಳಗಿರುವ ಕಂಪನಿಯ ಎಂಜಿನ್ ಗಟ್ಟಿಯಾಗಿರಬಹುದು. ಮೇಲಾಗಿ ಅದು ಮೂರನೆಯ ವರ್ಷದ ಕಥೆ. ವಾರಂಟಿ ಮುಗಿದ ಮೇಲಿನ ಆರನೆಯ, ಎಂಟನೆಯ ವರ್ಷದ ಕಥೆಯನ್ನು ಅದು ಹೇಳುವುದಿಲ್ಲ.

ಇನ್ನು ಎಂಜಿನ್ನಿನ ವಿಷಯ. ಒಟ್ಟು ಶಕ್ತಿಯನ್ನಷ್ಟೇ ನೋಡದೆ, ಆ ಶಕ್ತಿ ಎಷ್ಟು ಲೀಟರ್ ಎಂಜಿನ್ನಿನಿಂದ, ಯಾವ ಸಲಕರಣೆಗಳ ನೆರವಿನಿಂದ ಬರುತ್ತದೆ ಎಂಬುದನ್ನು ಲೆಕ್ಕ ಹಾಕಿರಿ. ಬಿಎಂಡಬ್ಲ್ಯು ಎಂ340ಐಯ 3 ಲೀಟರ್, ಆರು ಸಿಲಿಂಡರಿನ ಟರ್ಬೊ (ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸಲಕರಣೆಯುಳ್ಳ) ಎಂಜಿನ್ ಸುಮಾರು 374 ಅಶ್ವಶಕ್ತಿ ಕೊಡುತ್ತದೆ; ಲೀಟರಿಗೆ 125ರಷ್ಟಾಯಿತು. ಮರ್ಸಿಡೀಸ್ ಸಿ63ಯಲ್ಲಿ ಹಿಂದೆ 4 ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್ ಇತ್ತು. 2022ರಲ್ಲಿ ಪ್ರಕಟವಾದ ಮಾದರಿಯಲ್ಲಿ 2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನೊಂದೇ 476 ಅಶ್ವಶಕ್ತಿ, ಅಂದರೆ ಲೀಟರಿಗೆ 238, ಹೊರಡಿಸುತ್ತದೆ. ಅದರ ಟರ್ಬೊದ ದಂಡಕ್ಕೆ ಪುಟ್ಟ ವಿದ್ಯುತ್ ಮೋಟರ್, ಹಿಂಬದಿಗೆ ಬೇರೊಂದು ಮೋಟರ್, ಅದಕ್ಕೊಂದು ಬ್ಯಾಟರಿ ಸೇರಿ ಒಟ್ಟು 680 ಅಶ್ವಶಕ್ತಿ. ಇದು ಎಂಜಿನಿಯರಿಂಗ್ ಸಾಹಸವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಲೀಟರಿಗೆ ಶಕ್ತಿ ಹೆಚ್ಚಿದಷ್ಟೂ ಒತ್ತಡ ಮತ್ತು ಕಾವು ಹೆಚ್ಚುತ್ತವೆ, ಆ ಕಾವನ್ನು ಹೊರಗೆ ಸಾಗಿಸುವ ಪಂಪು, ಕೊಳವೆ, ರೇಡಿಯೇಟರುಗಳ ಸಂಖ್ಯೆಯೂ ಹೆಚ್ಚುತ್ತದೆ. ಹೊರಗೆ 42 ಡಿಗ್ರಿ ಇರುವಾಗ ರೇಡಿಯೇಟರಿಗೆ ಒಳಬರುವ ಗಾಳಿಯೇ ಬಿಸಿಯಾಗಿರುತ್ತದೆ ಎಂಬುದನ್ನು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತಕ್ಕಡಿಯ ಇನ್ನೊಂದು ತಟ್ಟೆಗೆ ಲೆಕ್ಸಸ್ ಇಎಸ್ 300ಎಚ್ ಅನ್ನು ಇಟ್ಟು ನೋಡಿರಿ. ಅದು ನಿಜವಾದ ಅರ್ಥದಲ್ಲಿ ಸ್ಪೋರ್ಟ್ ಸೆಡಾನ್ ಅಲ್ಲ. ಮುಂದಿನ ಚಕ್ರಗಳಿಂದ ಓಡುವ, ಮೆತ್ತಗಿನ ಗಾಡಿ, ತಿರುವಿನಲ್ಲಿ ಮೈ ಜುಮ್ಮೆನಿಸುವುದಿಲ್ಲ. ಹಾಗಿದ್ದೂ ಹೆಸರಿಸಲು ಕಾರಣವಿದೆ. ಅದರ 2.5 ಲೀಟರ್ ಎಂಜಿನ್ನಿಗೆ ಟರ್ಬೊ ಇಲ್ಲ. ಗೇರ್‌ಬಾಕ್ಸಿನ ಜಾಗದಲ್ಲಿ ಗ್ರಹಚಕ್ರದಂತೆ ಸುತ್ತುವ ಹಲ್ಲುಗಾಲಿಗಳ ಕೂಟವಿದ್ದು, ಸವೆಯುವ ಕ್ಲಚ್ ಆಗಲಿ ಬೆಲ್ಟ್ ಆಗಲಿ ಅದರಲ್ಲಿಲ್ಲ. ಬೇರೆ ಕಾರುಗಳಲ್ಲಿರುವಂಥ ಸ್ಟಾರ್ಟರ್, ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ಕೂಡ ಇಲ್ಲ. ಹೊಸ ತಂತ್ರಜ್ಞಾನ ಎಂದರೆ ಬಾಳಿಕೆ ಕಡಿಮೆ ಎಂಬ ಮಾತು ಪೂರ್ತಿ ನಿಜವಲ್ಲ ಎಂಬುದಕ್ಕೆ ಇದೇ ಸಾಕ್ಷಿ: ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟರನ್ನೂ ಬಳಸುವ ಹೈಬ್ರಿಡ್ ವ್ಯವಸ್ಥೆ ಇಲ್ಲಿ ಕೆಡಬಲ್ಲ ಹಲವು ಭಾಗಗಳನ್ನು ತೆಗೆದುಹಾಕಿದೆ, ಸಿ63ಯಲ್ಲಿ ಅದೇ ವ್ಯವಸ್ಥೆ ಭಾಗಗಳನ್ನು ಕೂಡಿಸಿದೆ. ಆದ್ದರಿಂದ ಯಾವುದೇ ಹೊಸ ಸಲಕರಣೆಯ ಹೆಸರು ಕೇಳಿದಾಗ, ಅದು ಹಳೆಯ ಭಾಗವೊಂದರ ಜಾಗಕ್ಕೆ ಬಂದಿದೆಯೋ ಅಥವಾ ಅದರ ಮೇಲೆ ಹೇರಲಾಗಿದೆಯೋ ಎಂದು ಕೇಳಿರಿ. ಅಂದ ಹಾಗೆ, ಹೈಬ್ರಿಡ್ ಕಾರುಗಳಲ್ಲಿ ಬ್ಯಾಟರಿಯನ್ನು ತಂಪಿಡುವ ಗಾಳಿಯ ಕಿಂಡಿ ಹಿಂದಿನ ಸೀಟಿನ ಬಳಿ ಇರುವುದುಂಟು. ಸೇಡಂ, ವಾಡಿ, ಶಹಾಬಾದ್ ಕಡೆ ಸಿಮೆಂಟು, ಕಲ್ಲಿನ ದೂಳಿನಲ್ಲಿ ದಿನವೂ ಓಡಾಡುವವರು ಅದನ್ನು ಆಗಾಗ ಸ್ವಚ್ಛಗೊಳಿಸಬೇಕು, ಚೀಲವನ್ನೋ ಕೌದಿಯನ್ನೋ ಅಡ್ಡ ಇಡಬಾರದು.

ಗೇರ್‌ಬಾಕ್ಸಿನ ಬಗ್ಗೆ ಒಂದೇ ಮಾತು. ಇದರ ಆಯಿಲ್ ಜೀವಮಾನವಿಡೀ ಬದಲಿಸಬೇಕಾಗಿಲ್ಲ ಎಂದು ಮಾರುವವರು ಹೇಳಿದರೆ ನಂಬಬೇಡಿರಿ. ಬಿಎಂಡಬ್ಲ್ಯು ಮೊದಲಾದವುಗಳಿಗೆ 8 ವೇಗದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಯಾರಿಸಿಕೊಡುವ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಲು ಸಲಹೆ ಮಾಡುತ್ತದೆ.

ಚಕ್ರಗಳ ಲೆಕ್ಕವನ್ನು ಮಾತ್ರ ಕಾಗದದ ಮೇಲೆಯೇ ಮಾಡಬೇಕು. ಟೈರಿನ ಮೇಲಿನ ಮೊದಲ ಅಂಕಿ ಮಿ.ಮೀ.ನಲ್ಲಿ ಅಗಲ, ಎರಡನೆಯದು ಆ ಅಗಲದ ಎಷ್ಟು ಪ್ರತಿಶತ ಪಕ್ಕದ ಗೋಡೆಯ ಎತ್ತರ ಎಂಬುದು, ಕೊನೆಯದು ಇಂಚಿನಲ್ಲಿ ಚಕ್ರದ ಅಳತೆ. 255/35 ಆರ್19 ಟೈರಿನ ಪಕ್ಕದ ಗೋಡೆ 89 ಮಿ.ಮೀ. ಎತ್ತರ, 225/50 ಆರ್17ರದ್ದು 112 ಮಿ.ಮೀ. ಆ 23 ಮಿಲಿಮೀಟರ್ ರಬ್ಬರೇ ತಗ್ಗಿನ ಏಟಿಗೂ ಅಲಾಯ್ ಚಕ್ರಕ್ಕೂ ನಡುವೆ ನಿಲ್ಲುವ ಮೆತ್ತೆ. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಅದರ ಮೇಲಿನ ಡಾಂಬರು ಅಲೆಅಲೆಯಾಗುತ್ತದೆ. ಹೊಸ ರಸ್ತೆಯೂ ನಾಲ್ಕು ಮಳೆಗಾಲಕ್ಕೆ ಹಾಗೆಯೇ ಆಗುವುದನ್ನು ನೋಡಿದ್ದೇವೆ. ರನ್‌ಫ್ಲಾಟ್ ಟೈರು ಪಂಕ್ಚರ್ ಆದ ಮೇಲೂ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ 80 ಕಿ.ಮೀ.ವರೆಗೆ ಓಡುತ್ತದೆ, ಆದ್ದರಿಂದ ಅಂಥ ಬಹಳಷ್ಟು ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ. ಹುಮನಾಬಾದಿನಲ್ಲಿ ಪಂಕ್ಚರ್ ಆದರೆ ಕಲಬುರಗಿಗೆ ಮರಳಬಹುದು, ಹೈದರಾಬಾದ್ ಮುಟ್ಟಲಾಗದು. ಮುಟ್ಟಿದರೂ ಅದೇ ಅಳತೆಯ ಟೈರು ಅಂಗಡಿಯಲ್ಲಿರಬೇಕು. ಚಿಕ್ಕ ಚಕ್ರದ ಆಯ್ಕೆ ಇದ್ದರೆ ನಾನಂತೂ ಅದನ್ನೇ ಆರಿಸುತ್ತೇನೆ, ಚೆಲುವು ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ.

ಪರದೆ, ಕ್ಯಾಮೆರಾ, ರೇಡಾರುಗಳು ಹೆಚ್ಚಾಗಿ ಕಿರಿಕಿರಿಯ ಪಾಲಿಗೆ ಸೇರುತ್ತವೆ, ಆದರೂ ಖರ್ಚಿನಲ್ಲಿ ಅವು ಹಗುರವಲ್ಲ. ಪಥ ತಪ್ಪದಂತೆ ಎಚ್ಚರಿಸುವ ಕ್ಯಾಮೆರಾ ಮುಂದಿನ ಗಾಜಿನ ಹಿಂದೆ ಕುಳಿತಿರುತ್ತದೆ. ಕಲ್ಲು ಹೇರಿದ ಲಾರಿಯಿಂದ ಸಿಡಿದ ಹರಳು ಗಾಜನ್ನು ಒಡೆದರೆ, ಹೊಸ ಗಾಜು ಕೂಡಿಸಿದ ನಂತರ ಕ್ಯಾಮೆರಾದ ನೋಟವನ್ನು ಉಪಕರಣವಿಟ್ಟು ಮತ್ತೆ ಹೊಂದಿಸಬೇಕು. ಬಿಳಿ ಗೆರೆ ಅಳಿಸಿಹೋದ ರಸ್ತೆಯಲ್ಲಿ ಆ ಸೌಲಭ್ಯದಿಂದ ಸಿಗುವ ಲಾಭವಾದರೂ ಎಷ್ಟು ಎಂಬುದನ್ನು ನಿಮ್ಮ ದಿನದ ದಾರಿಯನ್ನು ನೆನೆದು ನಿರ್ಧರಿಸಿರಿ. ಎಸಿಯನ್ನು ಪರದೆಯಿಂದ ಮಾತ್ರ ನಡೆಸಬೇಕಾದ ಕಾರಿನಲ್ಲಿ ಪರದೆ ಕೆಟ್ಟರೆ, ನಮ್ಮ ಏಪ್ರಿಲ್‌ನಲ್ಲಿ ಅದು ಕಿರಿಕಿರಿಯ ದೋಷವಾಗಿ ಉಳಿಯುವುದಿಲ್ಲ. ಎಸಿಗೆ ಒತ್ತುವ ಗುಂಡಿ, ತಿರುಪುಗಳಿರುವ ಕಾರಿಗೆ ಅಲ್ಲಿ ಒಂದು ಅಂಕ ಹೆಚ್ಚು ಕೊಡಿರಿ. ಎಲ್ಲ ಕಾರುಗಳಲ್ಲಿರುವ ಸಾಮಾನ್ಯ 12 ವೋಲ್ಟಿನ ಬ್ಯಾಟರಿಯನ್ನೂ ಬಿಸಿಲು ಬೇಗ ಮುದಿಯಾಗಿಸುತ್ತದೆ, ಮತ್ತು ಇಂಥ ಹಲವು ಕಾರುಗಳಲ್ಲಿ ಹೊಸ ಬ್ಯಾಟರಿಯನ್ನು ಕಾರಿನ ಕಂಪ್ಯೂಟರಿಗೆ ನೋಂದಾಯಿಸಬೇಕಾಗುವುದರಿಂದ, ಆ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಊರಿನಲ್ಲಿದ್ದಾರೆಯೇ ಎಂದು ಮೊದಲೇ ವಿಚಾರಿಸಿರಿ.

ಹೈದರಾಬಾದಿನಿಂದ ಹಳೆಯ ಕಾರು ತರುವವರು ನಮ್ಮಲ್ಲಿ ಬಹಳ. ಅಲ್ಲಿಯ ನೋಂದಣಿಯ ಕಾರಿಗೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಿ, ಇಲ್ಲಿ ಕೆಎ 32, 33 ಅಥವಾ 38ರ ಸಂಖ್ಯೆ ಪಡೆದು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕಾಗುತ್ತದೆ. ಕಡಿಮೆ ಬೆಲೆಗೆ ಸಿಕ್ಕಿತು ಎಂಬ ಹಿಗ್ಗಿಗೆ ಮೊದಲು ಈ ಮೊತ್ತವನ್ನು ಕೂಡಿಸಿ ನೋಡಿರಿ. ಏಪ್ರಿಲ್ 2023ಕ್ಕಿಂತ ಮೊದಲು ತಯಾರಾದ ಕಾರಾದರೆ, 20 ಪ್ರತಿಶತ ಎಥೆನಾಲ್ ಬೆರೆತ ಪೆಟ್ರೋಲು ಅದಕ್ಕೆ ಒಗ್ಗುತ್ತದೆಯೇ ಎಂಬುದನ್ನು ಮಾಲೀಕರ ಕೈಪಿಡಿಯಲ್ಲೋ ಟ್ಯಾಂಕಿನ ಮುಚ್ಚಳದ ಮೇಲೋ ಓದಿರಿ.

ಮನೆಯಲ್ಲಿ ಇನ್ನೋವಾದಂಥ ಎರಡನೆಯ ಗಾಡಿ ಇದ್ದು, ಇದು ಸಂತೋಷಕ್ಕಾಗಿ ಕೊಳ್ಳುವ ಕಾರಾಗಿದ್ದರೆ ಆರು ಸಿಲಿಂಡರಿನ ಎಂಜಿನ್ನನ್ನು ಧೈರ್ಯವಾಗಿ ಆರಿಸಬಹುದು. ಹತ್ತು ದಿನ ವರ್ಕ್‌ಶಾಪಿನಲ್ಲಿದ್ದರೂ ಮನೆಯ ಕೆಲಸ ನಿಲ್ಲುವುದಿಲ್ಲ. ಆಸ್ಪತ್ರೆ, ಕೋರ್ಟು, ವ್ಯಾಪಾರಗಳಿಗೆ ಇದೊಂದೇ ಗಾಡಿಯೆಂದಾದರೆ ವೇಗದಲ್ಲಿ ಎರಡು ಮೂರು ಸೆಕೆಂಡು ಬಿಟ್ಟುಕೊಟ್ಟು, ಸರಳವಾದ ಎಂಜಿನ್ನಿಗೆ, ದೀರ್ಘ ವಾರಂಟಿಗೆ, ಗಾಡಿ ಎತ್ತಿ ಒಯ್ಯುವ ಸೇವೆ ನಮ್ಮ ತಾಲೂಕಿನವರೆಗೂ ಬರುತ್ತದೆ ಎಂಬ ಬರಹದ ಖಾತರಿಗೆ ಹಣ ಹಾಕುವುದು ಸರಿ. ಯಾವುದನ್ನೇ ಆರಿಸಿದರೂ ಟೆಸ್ಟ್ ಡ್ರೈವನ್ನು ಬೆಳಗಿನ ತಂಪಿನಲ್ಲಿ ಮಾಡಬೇಡಿರಿ. ಬೇಸಿಗೆಯ ಮಧ್ಯಾಹ್ನ 2 ಗಂಟೆಗೆ ಹೋಗಿ, ಕಾರನ್ನು ಅರ್ಧ ತಾಸು ಬಿಸಿಲಿಗೆ ನಿಲ್ಲಿಸಿ, ಬಳಿಕ ಎಸಿ ಹಾಕಿ ಓಡಿಸಿ, ಹಂಪು ಬಂದಲ್ಲಿ ನಾಲ್ಕು ಜನರನ್ನು ಕೂಡಿಸಿಕೊಂಡೇ ದಾಟಿಸಿ, ಕೊನೆಗೆ ಬಾನೆಟ್ ತೆರೆದು ಕೂಲಂಟಿನ ಮಟ್ಟವನ್ನೂ ಕೊಳವೆಯ ಜೋಡಣೆಗಳನ್ನೂ ಕಣ್ಣಿಟ್ಟು ನೋಡಿರಿ.